ಮೊಟ್ಟೆ ಪೆಟ್ಟಿಗೆ: ಕೂರಿಸುವುದು ಯಾವಾಗ, ತೆರೆಯುವುದು ಯಾವಾಗ?

ಪ್ರಶ್ನೆ: ಹಿತ್ತಿಲಲ್ಲಿ ಎಂಟು ಹೆಣ್ಣು ಕೋಳಿಗಳಿವೆ. ಐದು ಹೈಬ್ರಿಡ್ ಲೇಯರ್ ತಳಿಯವು (ಮೊಟ್ಟೆಗೆಂದೇ ಬೆಳೆಸಿದ ಮಿಶ್ರ ತಳಿ), ಮೂರು ದಪ್ಪ ಮೈಯ ತಳಿಯವು. ಎಲ್ಲಕ್ಕೂ ಈಗ 13 ವಾರ. ಕೋಳಿಮನೆಯಲ್ಲಿ ಕೂರಲು ಕೋಲು, ಮೇವಿನ ತೊಟ್ಟಿ, ನೀರಿನ ಡಬ್ಬಿ ಎಲ್ಲ ಇದೆ, ಮೊಟ್ಟೆ ಪೆಟ್ಟಿಗೆ ಮಾತ್ರ ಇನ್ನೂ ಇಟ್ಟಿಲ್ಲ. ಒಬ್ಬರು ಈಗಲೇ ಇಡಿ, ಅಭ್ಯಾಸವಾಗುತ್ತದೆ ಅಂದರು. ಇನ್ನೊಬ್ಬರು ಈಗ ಇಟ್ಟರೆ ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ, ಮೊದಲ ಮೊಟ್ಟೆ ಕಂಡ ಮೇಲೆ ಇಟ್ಟರೆ ಸಾಕು ಅಂದರು. ಯಾರ ಮಾತು ಕೇಳಬೇಕು? ಎಷ್ಟು ಪೆಟ್ಟಿಗೆ ಬೇಕು, ಎಷ್ಟು ಎತ್ತರದಲ್ಲಿರಬೇಕು?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಪೆಟ್ಟಿಗೆ ಕೂರಿಸುವ ದಿನ ಮತ್ತು ಅದರ ಬಾಯಿ ತೆರೆಯುವ ದಿನ ಒಂದೇ ಆಗಬೇಕಿಲ್ಲ. ಅದನ್ನು ಬೇರೆ ಮಾಡಿಬಿಟ್ಟರೆ ಈ ಜಗಳವೇ ಇರುವುದಿಲ್ಲ. ನಿಮ್ಮ ಕೋಳಿಗಳಿಗೆ 15ರಿಂದ 16 ವಾರ ಆಗುವಷ್ಟರಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಭದ್ರವಾಗಿ ಕೂರಿಸಿ, ಬಾಯಿಗೆ ಹಲಗೆ ಹಾಕಿ ಮುಚ್ಚಿಡಿ. 17ನೇ ವಾರ ತುಂಬಿದ ಕೂಡಲೇ, ಅಥವಾ ಅದಕ್ಕೂ ಮೊದಲೇ ಒಂದು ಕೋಳಿಯಲ್ಲಿ ಮೊಟ್ಟೆಯ ಲಕ್ಷಣ ಕಂಡರೆ ಆ ದಿನವೇ, ಹಲಗೆ ತೆಗೆದು ಒಳಗೆ ಹಾಸು ಹಾಕಿ. ಅಂದರೆ ಕೆಲಸಕ್ಕೆ ನಿಮಗಿನ್ನೂ ಎರಡು ವಾರ ಇದೆ.

ಮುಚ್ಚಿಡುವುದಾದರೆ ಮೊದಲೇ ಕೂರಿಸುವುದೇಕೆ ಎಂದು ಕೇಳಬಹುದು. ಕೋಳಿಗೆ ಹೊಸ ವಸ್ತು ಕಂಡರೆ ಅನುಮಾನ. ಮೊಟ್ಟೆಯ ಹೊತ್ತಿಗೆ ಸುತ್ತಿಗೆ ಸದ್ದು ಮಾಡಿ, ದೊಡ್ಡ ಪೆಟ್ಟಿಗೆಯೊಂದನ್ನು ತಂದು ನಿಲ್ಲಿಸಿದರೆ ಅದರ ಹತ್ತಿರ ಸುಳಿಯಲು ಕೆಲವು ದಿನ ಬೇಕಾಗುತ್ತದೆ, ಮೊಟ್ಟೆ ಮಾತ್ರ ಕಾಯುವುದಿಲ್ಲ. ಒಂದೆರಡು ವಾರ ಮುಚ್ಚಿಯೇ ಇದ್ದ ಪೆಟ್ಟಿಗೆ ಆ ಹೊತ್ತಿಗೆ ಗೋಡೆಯ ಭಾಗವಾಗಿಬಿಟ್ಟಿರುತ್ತದೆ.

ತಡವಾದರೆ ಆಗುವುದೇನು

ಮೊಟ್ಟೆ ಇಡುವುದಕ್ಕೆ ಒಂದೆರಡು ಗಂಟೆ ಮೊದಲು ಕೋಳಿ ಜಾಗ ಹುಡುಕಲು ಶುರು ಮಾಡುತ್ತದೆ. ಇದು ಅದರ ಇಚ್ಛೆಗೆ ಬಿಟ್ಟ ವಿಷಯವಲ್ಲ. ಹಿಂದಿನ ದಿನ ಅಂಡಾಶಯದಿಂದ ಹಳದಿ ಬಿಡುಗಡೆಯಾದಾಗ ಉಳಿದ ಕೋಶವೇ ಮರುದಿನ ಈ ಹುಡುಕಾಟಕ್ಕೆ ಚಾಲನೆ ಕೊಡುವುದು. ಆ ಹೊತ್ತಿಗೆ ಕತ್ತಲು, ಮರೆ, ಮೆತ್ತನೆ ನೆಲ ಈ ಮೂರೂ ಒಟ್ಟಿಗೆ ಎಲ್ಲಿ ಸಿಗುತ್ತವೋ ಅಲ್ಲಿ ಕೂರುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಆ ಜಾಗ ಬಾಗಿಲ ಹಿಂದಿನ ಮೂಲೆ, ಮೇವಿನ ತೊಟ್ಟಿಯ ಅಡಿ, ಅಂಗಳದ ಪೊದೆ, ಹೀಗೆ ಯಾವುದೂ ಆಗಬಹುದು. ಮೂರು ನಾಲ್ಕು ಮೊಟ್ಟೆ ಒಂದೇ ಕಡೆ ಇಟ್ಟಿತೆಂದರೆ ಅದೇ ಅದರ ಜಾಗ. ಜೊತೆಯವೂ ಅಲ್ಲಿ ಮೊಟ್ಟೆ ಕಂಡು ಅಲ್ಲೇ ಕೂರುತ್ತವೆ. ಮೊದಲ ಮೊಟ್ಟೆ ಕಂಡ ಮೇಲೆ ಪೆಟ್ಟಿಗೆ ಇಟ್ಟರಾಯಿತು ಎನ್ನುವ ಸಲಹೆಯ ತೊಂದರೆ ಇದು. ನೀವು ಕಂಡ ಮೊದಲ ಮೊಟ್ಟೆಯೇ ನಿಜವಾದ ಮೊದಲ ಮೊಟ್ಟೆ ಎನ್ನುವುದಕ್ಕೂ ಖಾತ್ರಿಯಿಲ್ಲ.

ನೆಲದ ಮೊಟ್ಟೆಗೆ ಹಿಕ್ಕೆ ಮೆತ್ತುತ್ತದೆ, ಕಾಲಿಗೆ ಸಿಕ್ಕಿ ಒಡೆಯುತ್ತದೆ. ಒಡೆದದ್ದನ್ನು ಒಂದು ಕೋಳಿ ರುಚಿ ನೋಡಿತೆಂದರೆ ಮೊಟ್ಟೆ ತಿನ್ನುವ ಚಟ ಶುರು. ಅದನ್ನು ಬಿಡಿಸುವುದು ನೆಲದ ಮೊಟ್ಟೆ ಬಿಡಿಸುವುದಕ್ಕಿಂತ ಎಷ್ಟೋ ಕಷ್ಟ.

ಬೇಗ ತೆರೆದರೆ ಆಗುವುದೇನು

13 ವಾರದ ಮರಿಗೆ ಪೆಟ್ಟಿಗೆ ಎಂದರೆ ಬೆಚ್ಚಗಿನ ಮಲಗುವ ಗೂಡು, ಹಗಲಲ್ಲಿ ಕೆದರಿ ಆಡುವ ಜಾಗ. ಕೋಳಿ ರಾತ್ರಿಯಿಡೀ ಕೂತಲ್ಲೇ ಹಿಕ್ಕೆ ಹಾಕುತ್ತದೆ. ಬೆಳಗ್ಗೆ ನೋಡಿದರೆ ಹಾಸೆಲ್ಲ ಒದ್ದೆ. ಮೊಟ್ಟೆಯ ಕಾಲ ಬರುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಮಲಗುವುದೇ ರೂಢಿಯಾಗಿರುತ್ತದೆ. ಮೊಟ್ಟೆ ಬರುವಾಗಲೇ ಒದ್ದೆಯಾಗಿರುವುದರಿಂದ ಅಂಟಿದ ಕೊಳೆ ಚಿಪ್ಪಿನ ರಂಧ್ರಗಳ ಮೂಲಕ ಒಳಗೆ ಹೋಗಲು ದಾರಿಯಾಗುತ್ತದೆ. ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಪೊರೆಯೂ ಹೋಗುತ್ತದೆ. ಪೆಟ್ಟಿಗೆ ಸ್ವಚ್ಛವಾಗಿರುವುದು ತೊಳೆಯುವ ಕೆಲಸಕ್ಕಿಂತ ಸುಲಭ.

ಆದರೂ ಎರಡರಲ್ಲಿ ಒಂದು ತಪ್ಪಾಗಲೇಬೇಕೆಂದಿದ್ದರೆ ಬೇಗ ತೆರೆಯುವ ತಪ್ಪೇ ವಾಸಿ. ಮಲಗುವ ಕೋಳಿಯನ್ನು ಕೆಲವು ರಾತ್ರಿಗಳಲ್ಲಿ ತಿದ್ದಬಹುದು, ನೆಲದಲ್ಲಿ ಮೊಟ್ಟೆಯಿಡುವ ಕೋಳಿಯನ್ನು ತಿದ್ದಲು ವಾರಗಳು ಬೇಕು.

ವಯಸ್ಸಿಗಿಂತ ಲಕ್ಷಣ ನೋಡಿ

ಹೈಬ್ರಿಡ್ ಲೇಯರ್‌ಗಳು ಸಾಮಾನ್ಯವಾಗಿ 17ರಿಂದ 20 ವಾರದೊಳಗೆ ಮೊಟ್ಟೆಗೆ ಬರುತ್ತವೆ. ದಪ್ಪ ಮೈಯ ತಳಿಗಳು 22ರಿಂದ 28 ವಾರ ತೆಗೆದುಕೊಳ್ಳುತ್ತವೆ, ಬ್ರಹ್ಮ, ಕೊಚಿನ್‌ನಂಥವು ಇನ್ನೂ ತಡ ಮಾಡುವುದುಂಟು. ಹಗಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಹಗಲು ಹೆಚ್ಚುತ್ತಾ ಹೋಗುವ ತಿಂಗಳುಗಳಲ್ಲಿ ಬೆಳೆದ ಕೋಳಿ ಬೇಗ ಬರುತ್ತದೆ, ಹಗಲು ಕುಗ್ಗುವ ತಿಂಗಳಲ್ಲಿ ಬೆಳೆದದ್ದು ಕೆಲವು ವಾರ ಹಿಂದೆ ಬೀಳುತ್ತದೆ. ನಿಮ್ಮದು ಎರಡು ಬಗೆಯ ಕೋಳಿ ಬೆರೆತ ಗುಂಪು. ಸರಾಸರಿ ಲೆಕ್ಕ ಹಾಕಬೇಡಿ, ಎಲ್ಲಕ್ಕಿಂತ ಮೊದಲು ಬರುವ ಹೈಬ್ರಿಡ್ ಯಾವುದೋ ಅದರ ಮೇಲೆ ಕಣ್ಣಿಡಿ.

ಮೊದಲು ಬದಲಾಗುವುದು ಜುಟ್ಟು. ತಿಳಿ ಗುಲಾಬಿ ಬಣ್ಣದ, ಒಣಕಲು ಜುಟ್ಟೂ ಗದ್ದದ ಜೋಲೂ ಉಬ್ಬಿ ಕಡುಗೆಂಪಾಗುತ್ತವೆ. ಮೇವು ತಿನ್ನುವುದು ಹೆಚ್ಚುತ್ತದೆ. ಆಮೇಲೆ ಬರುವುದು ಹೆಚ್ಚು ನಂಬಬಹುದಾದ ಗುರುತು: ಬೆನ್ನ ಮೇಲೆ ಕೈ ಇಡಲು ಹೋದರೆ ಓಡುವ ಬದಲು ರೆಕ್ಕೆ ಸ್ವಲ್ಪ ಅಗಲಿಸಿ ನೆಲಕ್ಕೆ ಕುಕ್ಕರಿಸುತ್ತದೆ. ಇದು ಹುಂಜಕ್ಕೆ ಒಡ್ಡಿಕೊಳ್ಳುವ ಭಂಗಿ. ಇದು ಕಂಡರೆ ಮೊಟ್ಟೆ ಬಹುಮಟ್ಟಿಗೆ ಒಂದೆರಡು ವಾರದೊಳಗೆ ಬರುತ್ತದೆ. ಅನುಮಾನವಿದ್ದರೆ ಕೋಳಿಯನ್ನು ಹಿಡಿದು ಗುದದ್ವಾರದ ಎರಡು ಬದಿಯಲ್ಲಿರುವ ಚೂಪು ಮೂಳೆಗಳ ನಡುವೆ ಬೆರಳಿಟ್ಟು ನೋಡಿ. ಒಂದು ಬೆರಳಷ್ಟೇ ಹಿಡಿದರೆ ಇನ್ನೂ ಸಮಯವಿದೆ. ಎರಡು ಬೆರಳು ಸಲೀಸಾಗಿ ಹಿಡಿದರೆ ಹತ್ತಿರ ಬಂದಿದೆ. ಮೂಲೆ ಮೂಲೆಗೆ ಮೂಗು ತೂರಿಸುತ್ತಾ, ಗೊಣಗುತ್ತಾ ಸುತ್ತುವ ಕೋಳಿ ಕಂಡರೆ ನಾಳೆಗೆ ಎಂದು ಮುಂದೂಡಬೇಡಿ, ಸಂಜೆಯೊಳಗೆ ಪೆಟ್ಟಿಗೆ ತೆರೆಯಿರಿ.

ಎಷ್ಟು, ಎಷ್ಟು ದೊಡ್ಡದು, ಎಲ್ಲಿ

ನಾಲ್ಕೈದು ಕೋಳಿಗೆ ಒಂದು ಪೆಟ್ಟಿಗೆ ಎನ್ನುವುದು ವಾಡಿಕೆಯ ಲೆಕ್ಕ. ಎಂಟಕ್ಕೆ ಎರಡು ಸಾಕು. ಆದರೂ ನಿಮ್ಮದು ಮೂರಿರಲಿ, ಏಕೆಂದರೆ ದಪ್ಪ ತಳಿಗಳು ಕಾವಿಗೆ ಕೂರುವುದು ಹೆಚ್ಚು. ಎರಡೇ ಇದ್ದಾಗ ಒಂದು ಕೋಳಿ ಕಾವಿಗೆ ಕೂತು ಪೆಟ್ಟಿಗೆ ಬಿಡದಿದ್ದರೆ ಉಳಿದ ಏಳಕ್ಕೆ ಒಂದೇ ಉಳಿಯುತ್ತದೆ. ನಾಲ್ಕನೆಯದು ಬರೀ ದಂಡ. ಎಷ್ಟಿಟ್ಟರೂ ಎಲ್ಲವೂ ಒಂದೇ ಪೆಟ್ಟಿಗೆಗೆ ಮುಗಿಬೀಳುವುದನ್ನು ನೋಡುತ್ತೀರಿ, ಖಾಲಿ ಕೌಂಟರ್ ಬಿಟ್ಟು ಉದ್ದ ಸಾಲಿರುವ ಕೌಂಟರಿಗೇ ಹೋಗಿ ನಿಂತ ಹಾಗೆ. ಅದು ನಿಮ್ಮ ಪೆಟ್ಟಿಗೆಯ ದೋಷವಲ್ಲ. ಮೊಟ್ಟೆ ಇರುವ ಜಾಗ ಸುರಕ್ಷಿತ ಎನ್ನುವುದು ಕೋಳಿಯ ಲೆಕ್ಕ.

ಹೈಬ್ರಿಡ್‌ಗೆ ಒಳಗಿನ ಅಳತೆ ಉದ್ದ, ಅಗಲ, ಎತ್ತರ ಮೂರೂ 30 ಸೆಂ.ಮೀ. ಇದ್ದರೆ ಸಾಕು. ದಪ್ಪ ಕೋಳಿಗೆ 35 ಬೇಕು. ಎರಡೂ ಇರುವುದರಿಂದ ಮೂರನ್ನೂ 35ರಂತೆ ಮಾಡಿ. 12 ಮಿ.ಮೀ. ಪ್ಲೈವುಡ್‌ನಲ್ಲಿ ಸಾಲಾಗಿ ಮಾಡಿದರೆ ನಾಲ್ಕು ನಿಲುವು ಹಲಗೆ ಸೇರಿ ಒಟ್ಟು ಉದ್ದ ಸುಮಾರು 110 ಸೆಂ.ಮೀ. ಬರುತ್ತದೆ. ಇದಕ್ಕಿಂತ ದೊಡ್ಡದು ಮಾಡಬೇಡಿ. ಜಾಗ ಹೆಚ್ಚಿದ್ದರೆ ಎರಡು ಕೋಳಿ ಒಟ್ಟಿಗೆ ತೂರಿಕೊಂಡು ಕಾಲ್ತುಳಿತದಲ್ಲಿ ಮೊಟ್ಟೆ ಒಡೆಯುತ್ತವೆ. ಮುಂದೆ 10ರಿಂದ 12 ಸೆಂ.ಮೀ. ಎತ್ತರದ ತಡೆಪಟ್ಟಿ ಇರಲೇಬೇಕು. ಇಲ್ಲವಾದರೆ ಕೋಳಿ ಹಾಸನ್ನು ಕೆದರಿ ಹೊರಗೆ ಹಾಕಿ, ಮೊಟ್ಟೆ ಬರಿ ಹಲಗೆಯ ಮೇಲೆ ಬೀಳುತ್ತದೆ. ತಳಕ್ಕೆ ಬರಿ ತಂತಿ ಜಾಲರಿ ಬೇಡ, ಹಾಸು ಸರಿದ ದಿನ ಚಿಪ್ಪು ಬಿರುಕು ಬಿಡುತ್ತದೆ. ತಳದ ಹಲಗೆಯನ್ನು ಮೊಳೆ ಹೊಡೆಯದೆ ಎತ್ತಿ ತೆಗೆಯುವ ಹಾಗೆ ಇಟ್ಟರೆ ತೊಳೆಯಲು ಸುಲಭ.

ಎತ್ತರದ ವಿಷಯದಲ್ಲಿ ಮುಖ್ಯವಾದ ನಿಯಮ ಒಂದೇ. ಕೋಳಿ ರಾತ್ರಿ ಕೂರುವ ಕೋಲು ಪೆಟ್ಟಿಗೆಯ ತಳಕ್ಕಿಂತ ಮೇಲಿರಬೇಕು. ಇರುವುದರಲ್ಲಿ ಎತ್ತರದ ಜಾಗ ಹುಡುಕಿ ಮಲಗುವುದು ಕೋಳಿಯ ಸ್ವಭಾವ. ಪೆಟ್ಟಿಗೆಯ ತಳ ಕೋಲಿನ ಮಟ್ಟಕ್ಕೇ ಇದ್ದರೆ ಅಥವಾ ಮೇಲಿದ್ದರೆ ಅದರೊಳಗೇ ರಾತ್ರಿ ಕಳೆಯುತ್ತವೆ. ಪೆಟ್ಟಿಗೆಯ ತಳ ನೆಲದಿಂದ 45 ಸೆಂ.ಮೀ. ಇರಲಿ, ಕೋಲು ತಳಕ್ಕಿಂತ ಕನಿಷ್ಠ 30 ಸೆಂ.ಮೀ. ಮೇಲಿರಲಿ, ಇನ್ನೂ ಮೇಲಿದ್ದರೆ ಒಳ್ಳೆಯದು. ಪೆಟ್ಟಿಗೆಯ ಮಾಡನ್ನು 45 ಡಿಗ್ರಿ ಇಳಿಜಾರು ಮಾಡಿ, ಸಮತಟ್ಟಾಗಿದ್ದರೆ ಅದರ ಮೇಲೂ ಕೂತು ಹಿಕ್ಕೆ ಹಾಕುತ್ತವೆ. ಬಾಯಿಯ ಮುಂದೆ ಸುಮಾರು 15 ಸೆಂ.ಮೀ. ದೂರದಲ್ಲಿ 5 ಸೆಂ.ಮೀ. ಅಗಲದ ಪಟ್ಟಿಯೊಂದನ್ನು ಕಾಲೂರಲು ಕೊಡಿ. ಹೈಬ್ರಿಡ್‌ಗಳಿಗೆ 45 ಸೆಂ.ಮೀ. ಜಿಗಿತ ಏನೂ ಅಲ್ಲ. ದಪ್ಪ ಕೋಳಿಗಳು ಎಗರಲು ಸೋಮಾರಿಗಳು, ಧುಮುಕುವಾಗ ಕಾಲಿಗೂ ಪೆಟ್ಟು. ಅವಕ್ಕೆ ನಡುವೆ ಒಂದು ಮೆಟ್ಟಿಲು ಹಲಗೆ ಇಡಿ. ಇಷ್ಟು ಎತ್ತರದಲ್ಲಿಟ್ಟರೆ ಪೆಟ್ಟಿಗೆಯ ಅಡಿಯಲ್ಲೇ ಕತ್ತಲ ಮೂಲೆಯೊಂದು ಹುಟ್ಟಿಕೊಳ್ಳುತ್ತದೆ ಎನ್ನುವುದನ್ನು ಮರೆಯಬೇಡಿ. ಅಲ್ಲಿಗೆ ನುಗ್ಗದಂತೆ ಹಲಗೆಯಿಂದ ಮುಚ್ಚಿ.

ಜಾಗ ಆರಿಸುವಾಗ ಕೋಳಿಮನೆಯ ಕತ್ತಲ ಗೋಡೆ ಹುಡುಕಿ. ಬಾಗಿಲ ಎದುರು, ಕಿಟಕಿಯ ಎದುರು ಬೇಡ. ಮಂದ ಬೆಳಕು ಬೇಕೆನ್ನುವುದಕ್ಕೆ ಕೋಳಿಯ ನಾಚಿಕೆಯೊಂದೇ ಕಾರಣವಲ್ಲ. ಮೊಟ್ಟೆ ಹೊರಬರುವಾಗ ಗುದದ್ವಾರದ ಒಳಪೊರೆ ಕ್ಷಣಕಾಲ ಹೊರಚಾಚುತ್ತದೆ, ಕೆಂಪಗೆ ಹೊಳೆಯುತ್ತದೆ. ಬೆಳಕಿನಲ್ಲಿ ಅದು ಕಂಡರೆ ಬೇರೆ ಕೋಳಿಗಳು ಕುಕ್ಕುತ್ತವೆ. ಒಮ್ಮೆ ರಕ್ತ ಬಂತೆಂದರೆ ನಿಲ್ಲಿಸುವುದೇ ಇಲ್ಲ, ಕೋಳಿ ಸಾಯುವುದೂ ಉಂಟು. ಬಾಯಿಗೆ ಮಧ್ಯದಲ್ಲಿ ಸೀಳಿದ ಗೋಣಿಬಟ್ಟೆಯ ಪರದೆ ಕಟ್ಟಬಹುದು. ಮೊದಲ ವಾರ ಪರದೆಯನ್ನು ಅರ್ಧ ಎತ್ತಿ ಕಟ್ಟಿ, ಒಳಗೇನಿದೆ ಎಂದು ಕಾಣದಿದ್ದರೆ ಹೊಸ ಕೋಳಿ ಒಳಗೆ ಹೋಗುವುದಿಲ್ಲ.

ಬಿಸಿಲು ಬೀಳುವ ಗೋಡೆಯಾದರೆ ಪೆಟ್ಟಿಗೆ ಒಲೆಯಾಗುತ್ತದೆ. ಮೇಲಂಚಿನಲ್ಲಿ ಪ್ರತಿ ಪೆಟ್ಟಿಗೆಗೂ 20 ಮಿ.ಮೀ.ಯ ಮೂರು ನಾಲ್ಕು ರಂಧ್ರ ಕೊರೆದು, ಒಳಬದಿಗೆ ಸಣ್ಣ ಕಣ್ಣಿನ ಜಾಲರಿ ಬಡಿಯಿರಿ. ಗೋಡೆಯಿಂದ ಹೊರಚಾಚಿ, ಮುಚ್ಚಳ ಎತ್ತಿ ಮೊಟ್ಟೆ ತೆಗೆಯುವಂಥ ಪೆಟ್ಟಿಗೆ ಮಾಡುವುದಾದರೆ ಮುಚ್ಚಳ ಎಲ್ಲ ಬದಿಗೂ 5 ಸೆಂ.ಮೀ. ಹೊರಬರಲಿ, ಕೀಲಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ. ಎತ್ತಿದರೆ ತೆರೆಯುವ ಚಿಲಕ ಮುಂಗುಸಿಗೂ ನಾಯಿಗೂ ತಡೆಯಲ್ಲ, ತಿರುಗಿಸಿ ಸಿಕ್ಕಿಸುವಂಥದ್ದು ಹಾಕಿ. ಹಾವು, ಇಲಿ ಬರುವುದು ಸಂದಿಯಿಂದ. 12 ಮಿ.ಮೀ.ಗಿಂತ ದೊಡ್ಡ ಸಂದಿ ಎಲ್ಲೂ ಬೇಡ.

ಹಾಸು ಮತ್ತು ಸುಳ್ಳು ಮೊಟ್ಟೆ

ಒಣಹುಲ್ಲು, ಭತ್ತದ ಹೊಟ್ಟು, ಬಡಗಿ ಉಜ್ಜುಗೊರಡು ಹೊಡೆದಾಗ ಬೀಳುವ ಸುರುಳಿ ಹೊಟ್ಟು, ಯಾವುದಾದರೂ ಸರಿ, 8ರಿಂದ 10 ಸೆಂ.ಮೀ. ದಪ್ಪಕ್ಕೆ ಹಾಕಿ. ಗರಗಸದ ನುಣುಪು ಪುಡಿ ಬೇಡ, ದೂಳು ಕೋಳಿಯ ಉಸಿರಾಟಕ್ಕೆ ಕೆಟ್ಟದ್ದು. ಅರೆ ಒಣಗಿದ ಹಸಿರು ಮೇವು ಬೂಷ್ಟು ಹಿಡಿಯುತ್ತದೆ. ನೆಲಕ್ಕೂ ಪೆಟ್ಟಿಗೆಗೂ ಒಂದೇ ಹಾಸು ಹಾಕಿದರೆ ಕೋಳಿಗೆ ನೆಲವೂ ಪೆಟ್ಟಿಗೆಯೂ ಒಂದೇ. ನೆಲಕ್ಕೆ ಹೊಟ್ಟು ತೆಳ್ಳಗೆ ಹರಡಿ, ಪೆಟ್ಟಿಗೆಗೆ ಹುಲ್ಲು ದಪ್ಪಗೆ ಹಾಕಿ.

ತೆರೆಯುವ ದಿನವೇ ಪ್ರತಿ ಪೆಟ್ಟಿಗೆಗೂ ಒಂದೊಂದು ಸುಳ್ಳು ಮೊಟ್ಟೆ ಇಡಿ. ಪಿಂಗಾಣಿಯದು, ಮರದ್ದು, ಅಷ್ಟೇಕೆ ಗಾಲ್ಫ್ ಚೆಂಡು ಆದರೂ ಆದೀತು. ಹಗುರವಾದ ಪ್ಲಾಸ್ಟಿಕ್ ಮೊಟ್ಟೆಯನ್ನು ಕೆದರಿ ಹೊರಗೆಸೆಯುತ್ತವೆ. ನಿಜವಾದ ಮೊಟ್ಟೆ ಇಡಬೇಡಿ, ಒಡೆದರೆ ತಿನ್ನಲು ಕಲಿಸಿದಂತೆ. ಒಂದಕ್ಕಿಂತ ಹೆಚ್ಚೂ ಬೇಡ, ಗುಂಪು ಮೊಟ್ಟೆ ಕಂಡರೆ ಕಾವಿಗೆ ಕೂರುವ ಬುದ್ಧಿ ಬರುತ್ತದೆ.

ತೆರೆದ ಮೇಲಿನ ಮೊದಲ ವಾರಗಳು

ಬಹಳ ಜನ ಎಡವುವುದು ಇಲ್ಲಿ. ರಾತ್ರಿ ಮಲಗಬಾರದೆಂದು ಸಂಜೆ ಪೆಟ್ಟಿಗೆ ಮುಚ್ಚುತ್ತಾರೆ, ಬೆಳಗ್ಗೆ ಏಳು ಗಂಟೆಗೋ ಎಂಟಕ್ಕೋ ಬಂದು ತೆಗೆಯುತ್ತಾರೆ. ಆದರೆ ಹೆಚ್ಚಿನ ಮೊಟ್ಟೆ ಬೆಳಕು ಹರಿದ ಮೊದಲ ಐದಾರು ಗಂಟೆಯಲ್ಲೇ ಬೀಳುತ್ತದೆ, ಹುಡುಕಾಟ ಅದಕ್ಕೂ ಮೊದಲೇ ಶುರುವಾಗಿರುತ್ತದೆ. ನೀವು ಬರುವಷ್ಟರಲ್ಲಿ ಕೋಳಿ ನೆಲ ಆರಿಸಿಕೊಂಡಾಗಿರುತ್ತದೆ. ಸರಿಯಾದ ಕ್ರಮ ಹೀಗೆ: ಸೂರ್ಯ ಮುಳುಗಲು ಒಂದೆರಡು ಗಂಟೆ ಇರುವಾಗ ಕೊನೆಯ ಮೊಟ್ಟೆ ತೆಗೆದು ಹಲಗೆ ಹಾಕಿ. ಕತ್ತಲಾಗಿ ಎಲ್ಲ ಕೋಳಿಗಳೂ ಕೋಲೇರಿ ಕೂತ ಮೇಲೆ ಸದ್ದಿಲ್ಲದೆ ಹಲಗೆ ತೆಗೆದುಬಿಡಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ತೀರಾ ಕಡಿಮೆ, ಇಳಿದು ಪೆಟ್ಟಿಗೆಗೆ ಹೋಗುವುದಿಲ್ಲ. ಬೆಳಗಾದಾಗ ಪೆಟ್ಟಿಗೆ ತೆರೆದೇ ಇರುತ್ತದೆ. ಎರಡು ವಾರ ಹೀಗೆ ಮಾಡಿದರೆ ಸಾಮಾನ್ಯವಾಗಿ ಮುಂದೆ ಮುಚ್ಚುವ ಅಗತ್ಯ ಬೀಳುವುದಿಲ್ಲ.

ಆಮೇಲೂ ಯಾವುದಾದರೂ ಒಂದು ಪೆಟ್ಟಿಗೆಯಲ್ಲಿ ಮಲಗುತ್ತಿದ್ದರೆ ಕಾರಣ ಹುಡುಕಿ. ಕೋಲಿನಲ್ಲಿ ಜಾಗ ಸಾಲದೆ ಇರಬಹುದು. ಹೈಬ್ರಿಡ್‌ಗೆ ತಲಾ 20ರಿಂದ 25, ದಪ್ಪ ಕೋಳಿಗೆ 30 ಸೆಂ.ಮೀ. ಲೆಕ್ಕದಲ್ಲಿ ನಿಮಗೆ ಒಟ್ಟು 1.9ರಿಂದ 2.15 ಮೀಟರ್ ಕೋಲು ಬೇಕು. ಜೊತೆಯವು ಕುಕ್ಕಿ ಓಡಿಸುತ್ತಿರಬಹುದು. ಕೋಲಿನ ಸಂದಿಯಲ್ಲಿ ಕೆಂಪು ನುಸಿ ಸೇರಿಕೊಂಡಿರಬಹುದು. ಅದು ಹಗಲು ಮರದ ಬಿರುಕಿನಲ್ಲಡಗಿ ರಾತ್ರಿ ರಕ್ತ ಹೀರುತ್ತದೆ, ಕೋಲಿನಡಿಗೆ ರಾತ್ರಿ ಬಿಳಿ ಕಾಗದ ಒರೆಸಿದರೆ ಕೆಂಪು ಗೆರೆ ಮೂಡುತ್ತದೆ. ಹಾಗೇನೂ ಇಲ್ಲವೆಂದಾದರೆ ಕತ್ತಲಾದ ಮೇಲೆ ಆ ಕೋಳಿಯನ್ನು ಎತ್ತಿ ಕೋಲಿನ ಮೇಲೆ ಕೂರಿಸಿ, ಬಿಡಿಸುವವರೆಗೂ ದಿನಾ.

ಶುರುವಿನ ಎರಡು ವಾರ ಬೆಳಗ್ಗೆ ಹತ್ತು ಹನ್ನೊಂದರ ತನಕ ಕೋಳಿಗಳನ್ನು ಒಳಗೇ ಇರಿಸಿಕೊಳ್ಳಿ, ಪೊದೆಯಲ್ಲಿ ಮೊಟ್ಟೆ ಇಡುವುದು ತಪ್ಪುತ್ತದೆ. ಹಾಗೆ ಇರಿಸಿದಾಗ ಒಳಗೆ ನೀರು, ಮೇವು, ಗಾಳಿ ಸಾಕಷ್ಟಿರಲಿ. ನೆಲದಲ್ಲಿ ಮೊಟ್ಟೆ ಕಂಡರೆ ಆ ಕ್ಷಣವೇ ತೆಗೆಯಿರಿ, ಬಿಟ್ಟರೆ ಅದೇ ಸುಳ್ಳು ಮೊಟ್ಟೆಯ ಕೆಲಸ ಮಾಡುತ್ತದೆ. ಆ ಮೂಲೆಗೆ ಇಟ್ಟಿಗೆಯನ್ನೋ ನೀರಿನ ಡಬ್ಬಿಯನ್ನೋ ಇಡಿ, ಇಲ್ಲವೆ ಬೆಳಕು ಬೀಳುವಂತೆ ಮಾಡಿ. ನೆಲ ಕೆದರಿ ಗುಂಡಿ ಮಾಡುತ್ತಾ ಕೂತ ಕೋಳಿ ಕಣ್ಣಿಗೆ ಬಿದ್ದರೆ ಮೆಲ್ಲಗೆ ಎತ್ತಿ ಪೆಟ್ಟಿಗೆಗೆ ಹಾಕಿ. ಗದರಿಸಿ ಓಡಿಸಿದರೆ ಇನ್ನೂ ಗುಟ್ಟಾದ ಜಾಗ ಹುಡುಕುತ್ತದೆ. ಮೊಂಡು ಹಿಡಿದ ಕೋಳಿ ಒಂದೇ ಮೂಲೆಗೆ ಗಂಟುಬಿದ್ದಿದ್ದರೆ, ಅಲ್ಲೇ ನೆಲದ ಮೇಲೆ ಒಂದು ಪೆಟ್ಟಿಗೆ ಇಟ್ಟು, ಅದಕ್ಕೆ ಒಗ್ಗಿದ ಮೇಲೆ ಕೆಲವು ದಿನಕ್ಕೊಮ್ಮೆ ಇಷ್ಟಿಷ್ಟೇ ಸರಿಸುತ್ತಾ ಸಾಲಿಗೆ ತರುವುದೊಂದೇ ದಾರಿ.

ಮೊದಮೊದಲ ಮೊಟ್ಟೆ ಸಣ್ಣದಿರುತ್ತದೆ, ಚಿಪ್ಪಿಲ್ಲದೆ ತೊಗಲಿನಂತೆಯೂ ಬರಬಹುದು, ಎರಡು ಹಳದಿಯದೂ ಬರಬಹುದು. ಕೆಲವು ವಾರದಲ್ಲಿ ಸರಿಹೋಗುತ್ತದೆ. ಒಂದೆರಡು ಕೋಲಿನಡಿಗೆ ಬಿದ್ದರೂ ಗಾಬರಿ ಬೇಡ, ಹೊಸ ಕೋಳಿಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಜಾರಿಬಿಟ್ಟಿರುತ್ತದೆ.

ಪೆಟ್ಟಿಗೆಯ ಜೊತೆಗೇ ಗಮನಿಸಬೇಕಾದದ್ದು ಮೇವು. ಲೇಯರ್ ಮೇವಿನಲ್ಲಿ ಸುಣ್ಣದಂಶ ಶೇ. 3.5ರಿಂದ 4ರಷ್ಟಿರುತ್ತದೆ. ಮೊಟ್ಟೆ ಇಡದ ಎಳೆ ಕೋಳಿಗೆ ವಾರಗಟ್ಟಲೆ ಅದನ್ನು ಹಾಕಿದರೆ ಮೂತ್ರಪಿಂಡ ಹಾಳಾಗುತ್ತದೆ. ಆದ್ದರಿಂದ ಈಗ ಬೆಳೆಯುವ ಕೋಳಿಗೆ ಕೊಡುವ ಗ್ರೋವರ್ ಮೇವೇ ಇರಲಿ. ಮೊದಲ ಮೊಟ್ಟೆ ಬರುವವರೆಗೆ ಲೇಯರ್ ಮೇವು ಬೇಡ. ಬಂದ ಮೇಲೂ ನಿಮ್ಮ ದಪ್ಪ ಕೋಳಿಗಳು ಇನ್ನೂ ಮೊಟ್ಟೆಗೆ ಬಂದಿರುವುದಿಲ್ಲ. ಎರಡು ಬಗೆಯ ಕೋಳಿ ಒಂದೇ ತೊಟ್ಟಿಯಲ್ಲಿ ತಿನ್ನುವಾಗ ಸುಲಭದ ದಾರಿ ಎಲ್ಲಕ್ಕೂ ಗ್ರೋವರನ್ನೇ ಮುಂದುವರಿಸಿ, ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಿನಲ್ಲಿಡುವುದು. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಚಿಪ್ಪು ತೆಳ್ಳಗಾದರೆ ಎಂಥ ಒಳ್ಳೆಯ ಪೆಟ್ಟಿಗೆಯಲ್ಲೂ ಮೊಟ್ಟೆ ಒಡೆಯುತ್ತದೆ.

ಇನ್ನು ಆ ಮೂರು ದಪ್ಪ ಕೋಳಿಗಳು. ಇವು ಮೊಟ್ಟೆಗೆ ಬರುವುದು ಹೈಬ್ರಿಡ್‌ಗಳಾದ ಒಂದೆರಡು ತಿಂಗಳಿಗೆ. ಅಷ್ಟರಲ್ಲಿ ಐದು ಕೋಳಿ ದಿನಾ ಪೆಟ್ಟಿಗೆ ಹೊಕ್ಕು ಬರುವುದನ್ನು ನೋಡಿ ನೋಡಿ ಇವಕ್ಕೂ ಜಾಗ ಗೊತ್ತಾಗಿರುತ್ತದೆ, ಬೇರೆ ತರಬೇತಿ ಬೇಕಾಗುವುದು ಅಪರೂಪ. ಸಂಜೆ ಮುಚ್ಚುವುದನ್ನು ನಿಲ್ಲಿಸಿದ ಮೇಲೆ ಇವುಗಳಲ್ಲಿ ಯಾವುದಾದರೂ ಪೆಟ್ಟಿಗೆಯಲ್ಲಿ ಮಲಗಲು ಶುರು ಮಾಡಿದರೆ ಮಾತ್ರ ಮತ್ತೆ ಅದೇ ಕ್ರಮ ಹಿಡಿಯಿರಿ. ಹಗಲೆಲ್ಲ ಒಳಗೇ ಕೂತು, ಕೈ ಹಾಕಿದರೆ ಮೈ ಉಬ್ಬಿಸಿ ಕುಕ್ಕುವ ಕೋಳಿ ಮಲಗಿರುವುದಲ್ಲ, ಕಾವಿಗೆ ಕೂತಿದೆ. ಮರಿ ಬೇಡವಾದರೆ ಅದನ್ನು ಅಂದೇ ಎತ್ತಿ, ಹಾಸಿಲ್ಲದ, ಅಡಿಯಿಂದ ಗಾಳಿಯಾಡುವ ಜಾಲರಿ ತಳದ ಪಂಜರದಲ್ಲಿ ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಡಿ. ಬಿಟ್ಟ ಮೇಲೆ ಮತ್ತೆ ನೇರ ಪೆಟ್ಟಿಗೆಗೇ ಓಡಿದರೆ ಇನ್ನೆರಡು ದಿನ ಪಂಜರಕ್ಕೆ.